ಬರಡು ಯಾರಿಗೆ?

ಹಲ್ಲಿಯ ಮೈ, ಕಪ್ಪೆಯ ಬಳಗ: ಸಾಲಮಾಂಡರ್ ಎಂಬ ಪ್ರಾಣಿ ಇಂಥದು. ನಮ್ಮ ದೇಶದಲ್ಲಿ ಅದರ ವಾಸ ಹಿಮಾಲಯದ ತಂಪು ಕೊಳಗಳಲ್ಲಿ. ಡಾರ್ಜಿಲಿಂಗ್ ಬಳಿಯ ಜೋರ್‌ಪೋಖ್ರಿಯಲ್ಲಿ ಅದಕ್ಕೆಂದೇ ಒಂದು ಅಭಯಾರಣ್ಯವೂ ಉಂಟು. ಪಾವಗಡದವರು ಕೇಳಿದರೆ ನಕ್ಕಾರು. ಕುಡಿಯುವ ನೀರಿಗೇ ಪರದಾಡಿದ ಸೀಮೆಗೆ ಕೊಳದ ಪ್ರಾಣಿಯ ಸುದ್ದಿಯೇಕೆ?

ಅದರ ಬಡ ದಾಯಾದಿಯೊಬ್ಬ ನಮ್ಮ ಬಯಲುಸೀಮೆಯಲ್ಲಿದ್ದಾನೆ: ನೆಲದೊಳಗೆ ಹೂತುಕೊಂಡು ಬಾಳುವ ಕಪ್ಪೆ. ಹಿಂಗಾಲಿನಲ್ಲಿ ಸಲಿಕೆಯಂಥ ಗಟ್ಟಿ ಉಬ್ಬು. ಅದರಿಂದ ಮಣ್ಣು ತಳ್ಳುತ್ತ ಹಿಂದುಹಿಂದಕ್ಕೇ ಇಳಿದು, ಬೇಸಗೆಯನ್ನು ಕತ್ತಲಲ್ಲಿ ಕಳೆಯುತ್ತದೆ. ಮಳೆ ಬಿದ್ದು ಗುಂಡಿಯಲ್ಲಿ ನೀರು ನಿಂತಿತೋ, ಹೊರಬಂದು ಕೂಗಿ, ಮೊಟ್ಟೆಯಿಡುತ್ತದೆ. ನೀರು ಆರುವುದರೊಳಗೆ ಮರಿಗೆ ಕಾಲು ಮೂಡಬೇಕು. 2020ರಲ್ಲಿ ಬೆಂಗಳೂರಿನ ಅಂಚಿನ ರಾಜಾನುಕುಂಟೆಯ ಕಡೆ, ಪಾಳುಬಿದ್ದ ನೆಲದಲ್ಲಿ, ಈ ಕುಲದ ಹೊಸ ಜಾತಿಯೊಂದನ್ನು ವಿಜ್ಞಾನಿಗಳು ಗುರುತಿಸಿ ನಗರದ ಹೆಸರನ್ನೇ ಇಟ್ಟರು. ಅಷ್ಟು ದೊಡ್ಡ ಊರಿನ ಮಗ್ಗುಲಲ್ಲೇ ಅಷ್ಟು ಕಾಲ ಅದು ಅನಾಮಿಕವಾಗಿತ್ತು. ಹೀಗಿರುವಾಗ ಪಾವಗಡದ ಹೊಲದಡಿ ಏನೇನಿದೆಯೋ, ಮೇಲೆ ನಿಂತು ಹೇಳುವವರಾರು?

ಆ ಹೊಲಗಳಲ್ಲಿ, ತಿರುಮಣಿ ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ, ಈಗ ಸೌರಫಲಕಗಳು. ಶಕ್ತಿ 2,050 ಮೆಗಾವಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾದ ಗುತ್ತಿಗೆಗೆ ರೈತರು ಜಮೀನು ಕೊಟ್ಟರು. ಮಳೆಯನ್ನು ನಂಬಿ ಶೇಂಗಾ ಬಿತ್ತಿ ಸೋತವನನ್ನು ಕಪ್ಪೆಯ ಹೆಸರಿನಲ್ಲಿ ದೂರುವ ಧೈರ್ಯ ನನಗಿಲ್ಲ. ಬರೆಯುವಾಗ ನನ್ನ ತಲೆಯ ಮೇಲೆ ತಿರುಗುತ್ತಿರುವ ಫ್ಯಾನಿಗೆ ವಿದ್ಯುತ್ತು ಎಲ್ಲಿಯದೆಂದು ನಾನೂ ಕೇಳಿದವನಲ್ಲ. ಕಲ್ಲಿದ್ದಲಿನ ಹೊಗೆಗಿಂತ ಬಿಸಿಲು ಮೇಲು, ಸರಿಯೆ. ನನ್ನನ್ನು ಕಾಡುವುದು ‘ಬರಡು’ ಎಂಬ ಮಾತು. ಯಾರಿಗೆ ಬರಡು? ಅಲ್ಲಿ ಕೂಲಿ ಮಾಡುತ್ತಿದ್ದವನಿಗೂ ಕುರಿ ಮೇಯಿಸುತ್ತಿದ್ದವನಿಗೂ ಅದು ಬರಡಾಗಿರಲಿಲ್ಲ. ಜಮೀನಿಲ್ಲದ ಅವರಿಗೆ ಗುತ್ತಿಗೆಯ ಹಣವೂ ಇಲ್ಲ. ಕಪ್ಪೆಯ ಮಾತಂತೂ ದೂರ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಕೃಷ್ಣಮೃಗಗಳ ರಕ್ಷಿತ ಪ್ರದೇಶವಾಯಿತು. ಸಂತೋಷ. ಕೃಷ್ಣಮೃಗಕ್ಕೆ ಕೊಂಬಿದೆ, ನೆಗೆತವಿದೆ, ಕಾವ್ಯದಲ್ಲಿ ಆಸನವಿದೆ. ಕಪ್ಪೆಗೇನಿದೆ? ಮಳೆ ಹೋದ ವರ್ಷ ಹಿಡಿದು ತಂದು, ಅರಿಸಿನ ಹಚ್ಚಿ, ಓಲಗ ಊದಿಸಿ ಮದುವೆ ಮಾಡುತ್ತೇವೆ. ಮಳೆ ಬಂದ ಮರುದಿನ ಮರೆಯುತ್ತೇವೆ. ಚೆಂದಕ್ಕೆ ಸಲ್ಲುವ ದಯೆಯೂ, ಗರಜಿಗೆ ಸಲ್ಲುವ ಪೂಜೆಯೂ ನಮಗೆ ಸುಲಭ. ಕಣ್ಣಿಗೆ ಬೀಳದ, ಅಳಿದರೂ ನಮಗೆ ತಿಳಿಯದ ಜೀವಕ್ಕೆ ನಾವು ಋಣಿಗಳೆ? ಹೌದೆಂದೇ ನನಗೆ ತೋರುತ್ತದೆ. ಆದರೆ ಆ ಋಣವನ್ನು ಗುತ್ತಿಗೆಯ ಹಣ ನಂಬಿದ ರೈತನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ದೀಪ ಉರಿಸುವ ನಮ್ಮೆಲ್ಲರ ಪಾಲೂ ಅದರಲ್ಲಿದೆ. ಫಲಕಗಳ ಸಾಲುಗಳ ನಡುವೆ ಮಳೆನೀರು ನಿಲ್ಲುವ ನಾಲ್ಕು ತಗ್ಗುಗಳನ್ನು ಮುಚ್ಚದೆ ಬಿಟ್ಟರೆ ಎಷ್ಟು ಯೂನಿಟ್ಟು ಕಡಿಮೆಯಾದೀತು?