ಮೆತ್ತನೆಯದು ಜಾರುತ್ತದೆ

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಬಸ್ಸಿಳಿದವರಿಗೆ ಮೊದಲು ಎದುರಾಗುವುದು ಟ್ರಾಫಿಕ್ಕು, ಆಮೇಲೆ ಚಹಾ. ಮಂದ ಹಾಲಿನ, ಸಕ್ಕರೆ ಮುಂದಾದ ಇರಾನಿ ಚಹಾ. ಅದರಲ್ಲಿ ಅದ್ದಿದ ಕೂಡಲೇ ಕರಗಲು ಸಿದ್ಧವಾಗುವ ಉಸ್ಮಾನಿಯಾ ಬಿಸ್ಕತ್ತು. ರಂಜಾನ್ ಬಂದರೆ ಮಾಂಸ ಯಾವುದು, ಗೋಧಿ ಯಾವುದು, ಬೇಳೆ ಯಾವುದು ಎಂದು ತಿಳಿಯದಷ್ಟು ಕುಟ್ಟಿ ಹದಮಾಡಿದ ಹಲೀಮ್. ಮದುವೆಗಳಲ್ಲಿ ಖೂಬಾನಿ ಕಾ ಮೀಠಾ, ಡಬಲ್ ಕಾ ಮೀಠಾ. ಈ ಊರಿನ ನಾಲಿಗೆ ಮೆಚ್ಚಿದ ಎಷ್ಟೋ ತಿನಿಸುಗಳಿಗೆ ಹಲ್ಲಿನ ಹಂಗೇ ಇಲ್ಲ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮುಂದಿನ ಬದುಕಿನ ಬಗ್ಗೆ ಯೋಚಿಸುವಾಗ ಎಲ್ಲಕ್ಕಿಂತ ಮೊದಲು ಈ ಮೆತ್ತನೆಯ ಗುಣವನ್ನೇ ಗಮನಿಸಬೇಕು ಎಂಬುದು ನನ್ನ ವಾದ. ಆಪರೇಷನ್ ಆದ ಹೊಟ್ಟೆ ಗಟ್ಟಿ ಪದಾರ್ಥವನ್ನು ತಡೆದು ನಿಲ್ಲಿಸುತ್ತದೆ. ನೀರಾಗಿರುವುದನ್ನು, ಬಾಯಲ್ಲೇ ಕರಗುವುದನ್ನು ಏನೂ ಕೇಳದೆ ಒಳಗೆ ಬಿಡುತ್ತದೆ. ಸರ್ಜನ್ ಹಾಕಿಕೊಟ್ಟ ಬಾಗಿಲಿನಲ್ಲಿ ಉಳಿದಿರುವ ಈ ಕಿಂಡಿಯನ್ನು ಮುಚ್ಚಬೇಕಾದದ್ದು ಅಭ್ಯಾಸ.

ಅಭ್ಯಾಸದ ಮಾತೆತ್ತಿದರೆ ಒಂದು ಆಕ್ಷೇಪ ತಟ್ಟನೆ ಬರುತ್ತದೆ: ಅಷ್ಟು ಶಿಸ್ತು ಇದ್ದಿದ್ದರೆ ಕತ್ತರಿಯ ಅಗತ್ಯವೇ ಇರಲಿಲ್ಲವಲ್ಲ? ಮೇಲ್ನೋಟಕ್ಕೆ ಸರಿ ಎನಿಸುವ ಈ ಮಾತನ್ನು ದೇಹ ಒಪ್ಪುವುದಿಲ್ಲ. ಪಥ್ಯದಿಂದ ತೂಕ ಇಳಿಸಿಕೊಂಡವರ ರಕ್ತದಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ, ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಶಸ್ತ್ರಚಿಕಿತ್ಸೆ ಆದವರಲ್ಲಿ ಅದು ತೀರ ಕಡಿಮೆಯಿರುತ್ತದೆ ಎಂಬುದನ್ನು 2002ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಸ್ಲೀವ್ ಎಂಬ ಇನ್ನೊಂದು ಬಗೆಯ ಆಪರೇಷನ್ನಿನಲ್ಲಂತೂ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಅದರೊಡನೆ ಹೋಗುತ್ತದೆ. ಅಂದರೆ ಪಥ್ಯ ಹಿಡಿದವನು ದಿನವಿಡೀ ಹಸಿವಿನೊಡನೆ ಕುಸ್ತಿ ಆಡುತ್ತಿರುತ್ತಾನೆ, ಆಪರೇಷನ್ ಆದವನಿಗೆ ಆ ಕುಸ್ತಿಯಿಂದ ಕೆಲವು ಕಾಲ ಬಿಡುವು ಸಿಗುತ್ತದೆ. ಬಿಡುವಿನಲ್ಲಿ ಕಲಿಯಬಹುದಾದದ್ದನ್ನು ಕುಸ್ತಿಯ ನಡುವೆ ಕಲಿಯಲಿಲ್ಲವೇಕೆ ಎಂದು ಕೇಳುವುದು ನ್ಯಾಯವಲ್ಲ.

ಆ ಬಿಡುವು ಎಷ್ಟು ಕಾಲದ್ದು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ ಸ್ವೀಡನ್ನಿನಿಂದ ಬಂದಿದೆ. 1987ರಲ್ಲಿ ಶುರುವಾದ ಅಲ್ಲಿನ ಅಧ್ಯಯನ ಆಪರೇಷನ್ ಆದ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು, ಆಗದ ಅಷ್ಟೇ ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಬೈಪಾಸ್ ಆದವರ ತೂಕ ಒಂದೆರಡು ವರ್ಷದೊಳಗೆ ಸರಾಸರಿ ಶೇ. 32ರಷ್ಟು ಇಳಿದು, ಹತ್ತನೇ ವರ್ಷಕ್ಕೆ ಶೇ. 25ರ ಇಳಿಕೆಯಲ್ಲಿ ನಿಂತಿತು. ಆಪರೇಷನ್ ಇಲ್ಲದವರ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆಪರೇಷನ್ ಗುಂಪಿನಲ್ಲಿ ಸಾವಿನ ಪ್ರಮಾಣವೂ ಕಡಿಮೆಯಾಯಿತು ಎಂಬ 2007ರ ವರದಿಯಿಂದಲೇ ಈ ಚಿಕಿತ್ಸೆಗೆ ಗಟ್ಟಿ ನೆಲೆ ಸಿಕ್ಕಿದ್ದು. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಇಳಿದ ತೂಕದ ದೊಡ್ಡ ಪಾಲು ಹತ್ತು ವರ್ಷವಾದರೂ ಮರಳಿ ಬರಲಿಲ್ಲ, ಆದ್ದರಿಂದ ಎಲ್ಲ ವ್ಯರ್ಥ ಎನ್ನುವವರು ಸುಮ್ಮನಿರಬಹುದು. ಒಂದಿಷ್ಟು ಪಾಲು ಮರಳಿತು, ಆದ್ದರಿಂದ ಇನ್ನು ಚಿಂತೆಯಿಲ್ಲ ಎನ್ನುವವರೂ ಸುಮ್ಮನಿರಬಹುದು. ಆ ಮರಳಿದ ಪಾಲಿನ ದಾರಿ ಯಾವುದು? ಹೊಟ್ಟೆ ತುಸು ಹಿಗ್ಗುವುದು, ಹಾರ್ಮೋನುಗಳು ಹೊಂದಿಕೊಳ್ಳುವುದು ಇದ್ದದ್ದೇ. ಅವು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವ ದಾರಿಯೆಂದರೆ ಮೊದಲು ಹೇಳಿದ ಕಿಂಡಿ.

ಅದು ಹೇಗೆ ತೆರೆದುಕೊಳ್ಳುತ್ತದೆ ನೋಡಿ. ಆಪರೇಷನ್ ಆದ ಮೊದಲ ಎರಡು ವಾರ ಬರೀ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ನಂತರ ಮೆತ್ತನೆಯದು, ಆರೆಂಟು ವಾರಕ್ಕೆ ಮಾಮೂಲಿ ಊಟ. ಹೊಲಿಗೆ ಕೂಡಿಕೊಳ್ಳಲು ಇದು ಬೇಕೇಬೇಕು. ಆದರೆ ಇದೇ ಅವಧಿಯಲ್ಲಿ ಬಾಯಿ ಇನ್ನೊಂದು ಪಾಠವನ್ನೂ ಕಲಿತುಬಿಡುತ್ತದೆ: ಮೆತ್ತನೆಯದು ಹಿತ, ಗಟ್ಟಿಯದು ಕಷ್ಟ. ಮೂರನೇ ತಿಂಗಳಲ್ಲಿ ಜೋಳದ ರೊಟ್ಟಿಯ ಚೂರೊಂದು ಎದೆಯಲ್ಲಿ ಸಿಕ್ಕಿಕೊಂಡಂತಾಗಿ ವಾಂತಿಯಾದರೆ, ಕೋಳಿಯ ತುಂಡು ಭಾರವಾದರೆ, ಕೈ ತಾನಾಗಿ ಚಹಾ–ಬಿಸ್ಕತ್ತಿನ ಕಡೆ ಹೋಗುತ್ತದೆ. ಅದಕ್ಕೆ ನೋವಿಲ್ಲ, ವಾಂತಿಯಿಲ್ಲ, ಅರ್ಧ ತಾಸಿಗೆ ಜಾಗ ಖಾಲಿ. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ಐದು ಸಲವಾದರೆ ಸಕ್ಕರೆಯೇ 50 ಗ್ರಾಂ, ಹಾಲು ಬಿಸ್ಕತ್ತು ಬಿಟ್ಟು 200 ಕ್ಯಾಲೊರಿ. ಹೊಟ್ಟೆ ಚಿಕ್ಕದಾಗಿದ್ದರಿಂದ ಅದರಲ್ಲಿ ಒಂದು ಕ್ಯಾಲೊರಿಯೂ ಕಡಿಮೆಯಾಗಲಿಲ್ಲ. ಮನೆಯವರೆಲ್ಲ ‘ಪಾಪ, ಏನೂ ತಿನ್ನುವುದಿಲ್ಲ’ ಎಂದು ಮರುಗುತ್ತಿರುವಾಗಲೇ ತೂಕದ ಮುಳ್ಳು ನಿಂತುಬಿಡುತ್ತದೆ. ಆ ಮರುಕ ಸುಳ್ಳಲ್ಲ, ತಟ್ಟೆಯಲ್ಲಿ ನಿಜಕ್ಕೂ ಏನೂ ಇರುವುದಿಲ್ಲ. ಕಪ್ಪನ್ನು ಯಾರೂ ಎಣಿಸಿರುವುದಿಲ್ಲ. ಬೈಪಾಸ್ ಆದವರಲ್ಲಿ ಕೆಲವರಿಗೆ ಸಿಹಿ ತಿಂದ ಸ್ವಲ್ಪ ಹೊತ್ತಿಗೇ ಬೆವರು, ಎದೆಬಡಿತ, ತಲೆಸುತ್ತು ಬರುವುದುಂಟು. ಡಂಪಿಂಗ್ ಎಂದು ಅದರ ಹೆಸರು. ಎಲ್ಲರಿಗೂ ಬರುವುದಿಲ್ಲವಾದ್ದರಿಂದ ಅದನ್ನೇ ಕಾವಲಿಗೆ ನಂಬಿ ಕೂರುವಂತಿಲ್ಲ.

ಹಾಗಾದರೆ ಆ ಚಿಕ್ಕ ಜಾಗದಲ್ಲಿ ಏನಿರಬೇಕು? ಮೊದಲ ತುತ್ತು ಪ್ರೋಟೀನಿನದಾಗಿರಬೇಕು, ದಿನಕ್ಕೆ ಕನಿಷ್ಠ 60 ಗ್ರಾಂ. ಹೇಳುವುದು ಸುಲಭ. ಮೊಟ್ಟೆಯೊಂದರಲ್ಲಿ 6 ಗ್ರಾಂ, 30 ಗ್ರಾಂ ಬೇಳೆಯಲ್ಲಿ 7, 100 ಗ್ರಾಂ ಪನೀರಿನಲ್ಲಿ 18, ಅರ್ಧ ಲೀಟರ್ ಹಾಲು–ಮೊಸರಿನಲ್ಲಿ 16. ಮೊಟ್ಟೆ ಮುಟ್ಟದ ಬೀದರ್, ಕಲಬುರಗಿಯ ಮನೆಯೊಂದರಲ್ಲಿ ಎರಡು ಹೊತ್ತು ಬೇಳೆ, ಇಷ್ಟು ಪನೀರು, ಇಷ್ಟು ಹಾಲು ಸೇರಿಸಿದರೂ 48ಕ್ಕೆ ನಿಲ್ಲುತ್ತದೆ. ಅದೆಲ್ಲವನ್ನೂ ಹಿಡಿಸುವ ಜಾಗವೂ ಮೊದಮೊದಲು ಇರುವುದಿಲ್ಲ. ಇಲ್ಲಿ ಒಂದು ಗೊಂದಲ ಏಳುತ್ತದೆ. ಇದೇ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದಿದೆ. ಆಪರೇಷನ್ ಮಾಡಿದ ವೈದ್ಯರು ಅದೇ ಪುಡಿಯನ್ನು ಬರೆದುಕೊಡುತ್ತಾರೆ. ಎರಡಕ್ಕೂ ಜಗಳವಿಲ್ಲ. ಮಾರ್ಗಸೂಚಿ ಮಾತಾಡುತ್ತಿರುವುದು ಪೂರ್ತಿ ಊಟ ಉಣ್ಣಬಲ್ಲ ಜನರ ಬಗ್ಗೆ. ಅಂಗೈಯಷ್ಟು ಅನ್ನಕ್ಕೇ ತುಂಬುವ ಹೊಟ್ಟೆಗೆ ಮೊದಲ ತಿಂಗಳುಗಳಲ್ಲಿ ಪುಡಿ ಔಷಧಿಯ ಸಾಲಿಗೆ ಸೇರುತ್ತದೆ. ಆಮೇಲೆ ಮಾತ್ರ ಅದನ್ನು ಬಿಟ್ಟು ಅಗಿಯುವ ಪ್ರೋಟೀನಿಗೆ, ಮೊಳಕೆ ಮಡಕಿಗೆ, ಕಡಲೆಗೆ, ಪನೀರಿನ ತುಂಡಿಗೆ ಮರಳಬೇಕು. ಪುಡಿಯೂ ಕಡೆಗೆ ಜಾರುವ ಪದಾರ್ಥವೇ ಅಲ್ಲವೆ.

ಅಗಿಯುವುದು ಎಂದೆ, ಅದಕ್ಕೆ ಹೊತ್ತು ಬೇಕು, ಹೊತ್ತು ಸಿಗಲು ಜೊತೆಗಿರುವವರ ಸಹಕಾರ ಬೇಕು. ಊಟದ ನಡುವೆ ನೀರು ಕುಡಿಯಬೇಡಿ, ಊಟವಾಗಿ ಅರ್ಧ ತಾಸು ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ ಎಂಬ ಸೂಚನೆಗೂ ಇದೇ ಅರ್ಥ: ಗಟ್ಟಿಯದನ್ನು ನೀರು ಹಾಕಿ ಜಾರಿಸಬೇಡಿ. ಆದರೆ ನಮ್ಮ ಕಡೆ ಉಪಚಾರವೆಂದರೆ ಒತ್ತಾಯ. ಬೇಡವೆಂದವರ ಎಲೆಗೆ ಇನ್ನೊಂದು ಹೋಳಿಗೆ ಬೀಳದಿದ್ದರೆ ಬಡಿಸಿದವರ ಮರ್ಯಾದೆ ಹೋಯಿತು. ಹೈದರಾಬಾದಿ ದಾವತ್ತಿನದೂ ಅದೇ ಕತೆ. ಆಪರೇಷನ್ ಆದವರು ಇಲ್ಲಿ ನಯವಾಗಿ ಬೇಡವೆನ್ನುವುದನ್ನು ರೂಢಿಸಿಕೊಳ್ಳಬೇಕು, ಕಾರಣ ವಿವರಿಸುವ ಗೋಜಿಗೆ ಹೋಗದೆ. ವಿವರಿಸಿದರೆ ಪಂಗ್ತಿಯಲ್ಲಿ ಕೂತವರೆಲ್ಲ ವೈದ್ಯರಾಗುತ್ತಾರೆ. ಉಪವಾಸದ ವಿಷಯದಲ್ಲೂ ಅಷ್ಟೆ. ದಿನಕ್ಕೆ ಒಂದೂವರೆ ಲೀಟರಿಗೆ ಮೇಲ್ಪಟ್ಟು ನೀರನ್ನು ಗುಟುಕಿನ ಲೆಕ್ಕದಲ್ಲಿ ಒಳಗಿಳಿಸಬೇಕಾದವರಿಗೆ ಮೊದಲ ವರ್ಷದ ನಿರ್ಜಲ ರೋಜಾ ಅಥವಾ ಏಕಾದಶಿ ಎಂದರೆ ಹರಕೆಗಿಂತ ಅಪಾಯವೇ ಹೆಚ್ಚು. ಅದನ್ನು ವೈದ್ಯರನ್ನು ಕೇಳದೆ ತೀರ್ಮಾನಿಸಬಾರದು.

ಕಲ್ಯಾಣ ಕರ್ನಾಟಕದವರಿಗೆ ಇನ್ನೊಂದು ತೊಡಕಿದೆ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಬೀದರ್, ಕಲಬುರಗಿ, ರಾಯಚೂರು ಈ ಕಡೆ ಬಂದರೂ ದೊಡ್ಡ ಕಾಯಿಲೆಗೆ ಜನ ಇವತ್ತಿಗೂ ಹೈದರಾಬಾದಿನ ಬಸ್ಸು ಹತ್ತುತ್ತಾರೆ. ಆಪರೇಷನ್ನಿಗೆ ಬರುವಷ್ಟು ಉತ್ಸಾಹ ಮೂರನೇ ವರ್ಷದ ರಕ್ತಪರೀಕ್ಷೆಗೆ ಇರುವುದಿಲ್ಲ. ಚೆನ್ನಾಗಿದ್ದೇನಲ್ಲ, ಯಾಕೆ ಹೋಗಬೇಕು? ಹೋಗಬೇಕಾದದ್ದು ಅದಕ್ಕೇ. ಬಿ12 ವಿಟಮಿನ್ನನ್ನು ಪಿತ್ತಜನಕಾಂಗ ವರ್ಷಗಳಿಗಾಗುವಷ್ಟು ಕೂಡಿಟ್ಟುಕೊಂಡಿರುತ್ತದೆ, ಹಾಗಾಗಿ ಕೊರತೆ ಕಾಣಿಸಿಕೊಳ್ಳುವುದು ಎಲ್ಲ ಮರೆತ ಮೇಲೆ: ಅಂಗಾಲು ಜೋಮು, ಮರೆವು, ಬಿಳಿಚಿದ ಮುಖ. ಸಸ್ಯಾಹಾರಿಗಳ ದಾಸ್ತಾನು ಮೊದಲೇ ಕಡಿಮೆ. ಬಿ1 ಇದಕ್ಕೆ ತದ್ವಿರುದ್ಧ, ವಾರಗಟ್ಟಲೆ ವಾಂತಿಯಾದರೆ ಸಾಕು, ಖಾಲಿಯಾಗಿ ಮಿದುಳಿಗೇ ಪೆಟ್ಟು ಕೊಡಬಲ್ಲದು. ಬಿಡದ ವಾಂತಿಗೆ ಮನೆಮದ್ದು ಬೇಡ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ನುಗಳ ಮಾತ್ರೆ ಜೀವಮಾನದ್ದು. ರಕ್ತಪರೀಕ್ಷೆಯನ್ನಂತೂ ಬೀದರಿನಲ್ಲೇ ಮಾಡಿಸಿ ವರದಿಯನ್ನು ಮೊಬೈಲಿನಲ್ಲಿ ಕಳಿಸಬಹುದಾದ ಕಾಲವಿದು, ದೂರದ ನೆಪ ಅಷ್ಟು ನಿಲ್ಲುವುದಿಲ್ಲ.

ವ್ಯಾಯಾಮವೆಂದರೆ ಎಲ್ಲರಿಗೂ ನಡಿಗೆಯೇ ನೆನಪಾಗುತ್ತದೆ. ನಡಿಗೆ ಒಳ್ಳೆಯದೇ, ಆದರೆ ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶ, ಅದರಲ್ಲಿ ಸ್ನಾಯು ಸೇರಿದೆ. ನಡಿಗೆಯೊಂದೇ ಅದನ್ನು ಉಳಿಸಿಕೊಡದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷದ ಚಟುವಟಿಕೆಯ ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಬೇಕೆನ್ನುತ್ತದೆ. ಮೆಹದಿಪಟ್ಟಣಂನಿಂದ ಆರಾಂಘರ್ ಕಡೆಗೆ ಹೋಗುವ 11.6 ಕಿಲೋಮೀಟರ್ ಮೇಲ್ಸೇತುವೆ ವಾಹನಗಳಿಗೆ ಒಳ್ಳೆಯ ದಾರಿ, ಅದರ ಕಂಬಗಳ ನಡುವೆ ಕಾಲ್ನಡಿಗೆ ಮಾತ್ರ ಸಾಹಸ. ಮೇ ತಿಂಗಳ ಬಿಸಿಲಲ್ಲಂತೂ ಕೇಳಲೇಬೇಡಿ. ಆದರೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಲು, ಗೋಡೆಗೆ ಕೈಯಿಟ್ಟು ಒತ್ತಲು, ನೀರು ತುಂಬಿದ ಬಾಟಲಿ ಎತ್ತಲು ಫುಟ್‌ಪಾತ್ ಬೇಕಿಲ್ಲ. ಭಾರ ಎತ್ತುವುದನ್ನು ಹೊಲಿಗೆ ಮಾಗಿದ ಮೇಲೆ, ವೈದ್ಯರು ಹೂಂ ಎಂದ ಮೇಲೆ ಶುರುಮಾಡಿದರಾಯಿತು.

ಇಷ್ಟೆಲ್ಲ ಎಣಿಸಿಕೊಂಡು ಬದುಕುವುದೂ ಒಂದು ಬದುಕೇ ಎಂಬ ಕೊನೆಯ ಆಕ್ಷೇಪ ಉಳಿದಿದೆ. 2025ರಲ್ಲಿ ಭಾರತಕ್ಕೆ ಬಂದ ಟಿರ್ಜೆಪಟೈಡ್‌ನಂಥ ತೂಕ ಇಳಿಸುವ ಚುಚ್ಚುಮದ್ದುಗಳು ಈ ಲೆಕ್ಕಾಚಾರವನ್ನು ತಪ್ಪಿಸುತ್ತವೆ ಎಂದು ನಂಬುವವರೂ ಇದ್ದಾರೆ. ಅವೂ ಹಸಿವನ್ನು ತಗ್ಗಿಸುತ್ತವೆಯೇ ಹೊರತು ಕಪ್ಪಿನಲ್ಲಿ ಏನಿದೆಯೆಂದು ನೋಡುವುದಿಲ್ಲ. ಮೊದಲ ವರ್ಷದ ಬಿಗಿ ಕೊನೆಯವರೆಗೂ ಇರುವುದೂ ಇಲ್ಲ. ಎರಡನೇ ವರ್ಷದಲ್ಲಿ ಹೋಟೆಲಿಗೆ ಹೋದವರು ಬಿರಿಯಾನಿಯ ಮಾಂಸದ ತುಂಡನ್ನು ಮೊದಲು ತಿಂದು, ನಾಲ್ಕು ತುತ್ತು ಅನ್ನ ತಿಂದು, ಉಳಿದದ್ದನ್ನು ಪಾರ್ಸೆಲ್ ಮಾಡಿಸಬಹುದು. ಹಲೀಮಿನ ರುಚಿಯನ್ನು ಎರಡು ಚಮಚದಲ್ಲೂ ನೋಡಬಹುದು. ಚಹಾಕ್ಕೆ ಈ ಊರೇ ಒಂದು ದಾರಿ ಮಾಡಿಕೊಟ್ಟಿದೆ: ಒನ್ ಬೈ ಟೂ ಎಂದರೆ ಸಾಕು, ಒಂದನ್ನು ಎರಡಾಗಿ ಹಂಚಿ ತಂದಿಡುತ್ತಾರೆ. ಎದುರಿಗೆ ಕೂತವರು ಬಿಸ್ಕತ್ತಿನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರೆ ಇನ್ನೂ ಒಳ್ಳೆಯದು.