ಮನೆಯೊಡೆಯನ ಮೌನ ಮತ್ತು ಸತ್ಯಾಣುವ್ರತ

ಸುಳ್ಳು ನುಡಿಯದಿರುವುದಷ್ಟೇ ಸತ್ಯವೇ? ನುಡಿಯಲೇಬೇಕಾದುದನ್ನು ನುಡಿಯದೆ ಉಳಿದರೆ ಅದು ಅಸತ್ಯವಾಗದೇ? ಈ ಪ್ರಶ್ನೆ ತ್ಯಾಗಿಗಳಿಗಿಂತ ಹೆಚ್ಚಾಗಿ ವ್ಯವಹಾರದಲ್ಲಿ ತೊಡಗಿರುವ ಗೃಹಸ್ಥನಿಗೆ ಎದುರಾಗುತ್ತದೆ. ಮನೆಯನ್ನಾಗಲಿ ಮಳಿಗೆಯನ್ನಾಗಲಿ ಬಾಡಿಗೆಗೆ ಕೊಡುವವನಿಗಂತೂ ದಿನನಿತ್ಯದ ಪ್ರಶ್ನೆಯೇ ಸರಿ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ ಮೇಲೆ ಈ ಭಾಗದಲ್ಲಿ ಬಾಡಿಗೆದಾರರು ಹೆಚ್ಚಿದರು. ಜಿಲ್ಲಾ ಕೇಂದ್ರಕ್ಕೆ ಕಚೇರಿಗಳ ನೌಕರರೂ ವಿದ್ಯಾರ್ಥಿಗಳೂ ಬಂದರು. ಗಂಗಾವತಿಯ ಅಕ್ಕಿ ಗಿರಣಿಗಳ ಸುತ್ತ ವ್ಯಾಪಾರಸ್ಥರು ನೆಲೆಸಿದರು. ಕುಷ್ಟಗಿ, ಯಲಬುರ್ಗಾಗಳಿಗೆ ಶಿಕ್ಷಕರು ವರ್ಗವಾಗಿ ಬರುತ್ತಾರೆ. ಹೀಗೆ ಬರುವವನಿಗೆ ಊರು ಹೊಸದು, ಮನೆ ಹೊಸದು. ಮನೆಯೊಡೆಯನಿಗಾದರೋ ಗೋಡೆಯ ಬಿರುಕಿನಿಂದ ನೀರಿನ ರುಚಿಯವರೆಗೆ ಎಲ್ಲವೂ ತಿಳಿದಿದೆ. ಒಬ್ಬನ ಅರಿವಿಗೂ ಮತ್ತೊಬ್ಬನ ಅರಿವಿಗೂ ನಡುವಿನ ಈ ಅಂತರವೇ ಕರ್ತವ್ಯದ ಮೂಲ.

ನೀರಿನ ಉದಾಹರಣೆಯನ್ನೇ ನೋಡೋಣ. ಕುಷ್ಟಗಿ, ಯಲಬುರ್ಗಾ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಬೇರೆ ನೀರು ದೊರೆಯದಿದ್ದಾಗಲೂ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳು ಬಿಗಿಯುತ್ತವೆ. ಆದರೆ ಆ ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಬಾಡಿಗೆದಾರ ಎಷ್ಟೇ ಎಚ್ಚರದಿಂದ ಮನೆ ನೋಡಿದರೂ ಈ ದೋಷ ಕಾಣದು. ಪರೀಕ್ಷೆ ಮಾಡಿಸಿ ಫಲಿತಾಂಶ ಅರಿತಿರುವ ಮಾಲಕನು ‘ನೀರಿಗೆ ಏನೂ ತೊಂದರೆಯಿಲ್ಲ’ ಎಂದರೆ ಅದು ಸ್ಪಷ್ಟವಾದ ಸುಳ್ಳು. ಏನನ್ನೂ ಹೇಳದೆ ಬೀಗದ ಕೈ ಕೊಟ್ಟರೆ?

ಈ ಮೌನವನ್ನು ಕಾನೂನೂ ಒಪ್ಪುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು ಇದನ್ನು ಮೊದಲಿಗೇ ಹೇಳುತ್ತದೆ: ಸ್ವತ್ತಿನ ಉಪಯೋಗಕ್ಕೆ ಬಾಧಕವಾದ ದೋಷವು ಮಾಲಕನಿಗೆ ತಿಳಿದಿದ್ದು, ಬಾಡಿಗೆದಾರನಿಗೆ ತಿಳಿಯದೆ, ಸಾಧಾರಣ ಎಚ್ಚರದಿಂದ ಅವನು ಕಂಡುಕೊಳ್ಳಲಾಗದಂತಿದ್ದರೆ, ಮಾಲಕನು ಅದನ್ನು ತಿಳಿಸಲು ಬದ್ಧ. ಕರಾರಿನಲ್ಲಿ ಬೇರೆ ರೀತಿ ಬರೆದುಕೊಳ್ಳಲು ಕಾಯಿದೆ ಅವಕಾಶವಿತ್ತಿದೆ, ನಿಜ. ಆದರೆ ಕಾಯಿದೆ ಬಿಟ್ಟುಕೊಟ್ಟ ಎಡೆಯಲ್ಲಿ ಧರ್ಮವೂ ಬಿಟ್ಟುಕೊಡಬೇಕೆಂದೇನಿಲ್ಲ.

ಬಾಡಿಗೆ ಕಾನೂನುಗಳು ಈ ನಾಡಿನಲ್ಲಿ ಹಲವು ಬಾರಿ ಬದಲಾಗಿವೆ. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಈ ಪ್ರದೇಶಕ್ಕೆ 1954ರ ಹೈದರಾಬಾದ್ ಕಾಯಿದೆ, ಬಳಿಕ ರಾಜ್ಯದ 1961ರ ನಿಯಂತ್ರಣ ಕಾಯಿದೆ ಬಂದವು. 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಮಾಸಿಕ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಕಟ್ಟಡಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ತನ್ನ ಮನೆ ಯಾವ ಕಾಯಿದೆಗೆ ಒಳಪಟ್ಟಿದೆಯೆಂಬುದೇ ಸಾಮಾನ್ಯ ಬಾಡಿಗೆದಾರನಿಗೆ ತಿಳಿಯದು. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ಲಿಖಿತ ಕರಾರು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರದ ಠೇವಣಿ, ಬಾಡಿಗೆ ಏರಿಸಲು ಮೂರು ತಿಂಗಳ ಮುನ್ಸೂಚನೆ ಇವುಗಳನ್ನು ಸೂಚಿಸಿದೆ. ಆದರೆ ರಾಜ್ಯವೊಂದು ತನ್ನದಾಗಿ ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಕಾನೂನಿನ ಬಲ.

‘ಕಾನೂನು ತಿಳಿದುಕೊಳ್ಳುವುದು ಬಾಡಿಗೆದಾರನ ಹೊಣೆ, ತನಗೆ ವಿರುದ್ಧವಾದ ಪಾಠವನ್ನು ಮಾಲಕನೇ ಏಕೆ ಹೇಳಬೇಕು?’ ಎಂಬ ಆಕ್ಷೇಪ ಸಹಜ. ಇಂಗ್ಲೆಂಡಿನಲ್ಲಿ 2025ರ ಬಾಡಿಗೆದಾರರ ಹಕ್ಕುಗಳ ಕಾಯಿದೆಯು, ಮೊದಲೇ ಲಿಖಿತ ಕರಾರುಳ್ಳ ಹಳೆಯ ಬಾಡಿಗೆದಾರರಿಗೂ ಹೊಸ ನಿಯಮಗಳ ಮಾಹಿತಿಪತ್ರ ತಲುಪಿಸುವ ಹೊಣೆಯನ್ನು ಮನೆಯೊಡೆಯನ ಮೇಲೆಯೇ ಹೊರಿಸಿತು. ಅರಿವುಳ್ಳವನೇ ಅರಿವಿಲ್ಲದವನನ್ನು ಅರಸಿಕೊಂಡು ಹೋಗಬೇಕೆಂಬ ಈ ತತ್ತ್ವ ಕೊಪ್ಪಳಕ್ಕೆ ಹೊಸದೇನಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ತನ್ನ ಧರ್ಮಸಂದೇಶವನ್ನು ಅರಮನೆಯಲ್ಲಿ ಇರಿಸಿಕೊಳ್ಳದೆ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಕೆತ್ತಿಸಿದನು. ಇಂದಿನ ಮಾಲಕನಿಗೆ ಬಂಡೆ ಬೇಕಿಲ್ಲ. ಛಾಪಾ ಕಾಗದದ ಕರಾರನ್ನು ಸಹಿಗೆ ಮುಂಚೆ ಎದುರಿನವನಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಿದರೆ ಸಾಕು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ನ್ಯಾಸಾಪಹಾರಗಳನ್ನು ಹೆಸರಿಸಿದೆ. ಪಡೆಯುವ ಬಾಡಿಗೆಗಿಂತ ಕಡಿಮೆ ಮೊತ್ತವನ್ನು ಕರಾರಿನಲ್ಲಿ ಬರೆಯುವುದು ಕೂಟಲೇಖವಲ್ಲದೆ ಮತ್ತೇನು? ನ್ಯಾಸವೆಂದರೆ ನಂಬಿ ಒಪ್ಪಿಸಿದ ಒತ್ತೆ. ಇಟ್ಟವನು ಮರೆತು ಕಡಿಮೆ ಕೇಳಿದಾಗ ‘ಅಷ್ಟೇ’ ಎಂದು ಒಪ್ಪಿ ಉಳಿದುದನ್ನು ದಕ್ಕಿಸಿಕೊಳ್ಳುವುದು ಅದರ ಅಪಹಾರ. ಬಾಡಿಗೆದಾರನ ಠೇವಣಿಯೂ ನ್ಯಾಸವೇ. ಸುಣ್ಣಬಣ್ಣಕ್ಕೆಷ್ಟು, ದುರಸ್ತಿಗೆಷ್ಟು ಕಡಿತವೆಂಬುದನ್ನು ಮೊದಲು ತಿಳಿಸದೆ, ಮನೆ ಬಿಡುವ ದಿನ ಲೆಕ್ಕ ಕಟ್ಟುವವನು ಈ ಅತಿಚಾರದ ಹೊಸ್ತಿಲಲ್ಲೇ ನಿಂತಿರುತ್ತಾನೆ.

ಇಲ್ಲಿ ಕಠಿಣವಾದ ಪ್ರಸಂಗವೂ ಉಂಟು. ಒಂದೇ ಮನೆಯ ಬಾಡಿಗೆಯಿಂದ ಜೀವಿಸುವ ವಿಧವೆಯನ್ನು ಭಾವಿಸಬಹುದು. ನೀರಿನ ದೋಷ ಹೇಳಿದರೆ ಬಂದವರು ಮರಳಿ ಹೋಗುತ್ತಾರೆ; ಇಲ್ಲವೆ ಬಾಡಿಗೆ ಇಳಿಸಲು ಕೇಳುತ್ತಾರೆ. ಆಕೆಗೆ ಸತ್ಯದ ಬೆಲೆ ಒಪ್ಪತ್ತಿನ ಊಟವೇ ಆಗಬಹುದು. ಆಕೆಯ ಕಷ್ಟವನ್ನು ಹಗುರವಾಗಿ ಕಾಣುವ ಧರ್ಮೋಪದೇಶ ನಿಷ್ಕರುಣವಾದುದು. ಆದರೂ ಆಕೆಯ ಕಷ್ಟದ ಭಾರವನ್ನು ಏನೂ ಅರಿಯದ ಮಗುವಿನ ಮೂಳೆಗಳು ಹೊರಬೇಕೆನ್ನುವುದು ನ್ಯಾಯವಾಗದು. ಕುಡಿಯಲು ಶುದ್ಧೀಕರಣ ಘಟಕದ ನೀರನ್ನು ತರಿಸಿಕೊಳ್ಳಿರೆಂದು ಮೊದಲೇ ಹೇಳಿದರೆ ಬಾಡಿಗೆದಾರನು ಉಳಿಯುವ ಸಂಭವವೂ ಇದೆ. ತಾನಾಗಿ ತಿಳಿದುಕೊಂಡ ದಿನ ಮಾತ್ರ ಉಳಿಯಲಾರನು.

ಹೇಳಬೇಕಾದುದಕ್ಕೂ ಒಂದು ಎಲ್ಲೆಯಿದೆ. ತನ್ನ ಮನೆತನದ ಜಗಳಗಳನ್ನೆಲ್ಲ ಮಾಲಕನು ಬಿಚ್ಚಿಡಬೇಕಿಲ್ಲ. ತನಗೆ ತಿಳಿದಿರುವುದು, ಎದುರಿನವನಿಗೆ ತಿಳಿಯದಿರುವುದು, ಅವನ ಹಿತಕ್ಕೆ ತಗಲುವುದು ಈ ಮೂರೂ ಕೂಡಿದಲ್ಲಿ ಮೌನಕ್ಕೆ ಎಡೆಯಿಲ್ಲ. ಮನೆ ಬ್ಯಾಂಕಿಗೆ ಅಡವಾಗಿದ್ದು ಸಾಲದ ಕಂತು ನಿಂತಿರುವಾಗ ದೊಡ್ಡ ಮೊತ್ತ ಪಡೆದು ಭೋಗ್ಯಕ್ಕೆ ಕೊಡುವವನು ಅದನ್ನು ಹೇಳಲೇಬೇಕು. ನಾಳೆ ಬ್ಯಾಂಕು ಬಾಗಿಲಿಗೆ ಬಂದಾಗ ಬೀದಿಗೆ ಬೀಳುವವನು ಭೋಗ್ಯದಾರನೇ. ಈ ಕರ್ತವ್ಯ ಏಕಮುಖವೂ ಅಲ್ಲ. ಸ್ವತ್ತಿನ ಬೆಲೆ ಹೆಚ್ಚಿಸುವಂಥ ಸಂಗತಿ ತನಗೆ ಮಾತ್ರ ತಿಳಿದಿದ್ದರೆ ಬಾಡಿಗೆದಾರನೂ ತಿಳಿಸಬೇಕೆಂದು ಅದೇ 108ನೆಯ ಕಲಮು ವಿಧಿಸಿದೆ.

ಆದುದರಿಂದ ಬೀಗದ ಕೈಯೊಡನೆ ಒಂದು ಹಾಳೆಯನ್ನೂ ಕೊಡುವುದು ಗೃಹಸ್ಥನಿಗೆ ಶೋಭೆ. ನೀರು ಎಂಥದು, ಅಡವು ಉಂಟೋ ಇಲ್ಲವೋ, ಠೇವಣಿ ಎಷ್ಟು, ಕಡಿತ ಯಾವುದಕ್ಕೆ, ಬಾಡಿಗೆ ಎಂದು ಏರುವುದು, ಬಿಡಿಸಬೇಕಾದರೆ ಎಷ್ಟು ದಿನ ಮೊದಲು ತಿಳಿಸಲಾಗುವುದು ಎಂಬಿಷ್ಟು ಅದರಲ್ಲಿರಲಿ. ಪ್ರತಿ ತಿಂಗಳು ಪಾವತಿ ಕೊಡಲಿ. ಬೇರೊಬ್ಬನ ಅಜ್ಞಾನದಿಂದ ಬರುವ ಲಾಭವು ತನ್ನ ಗಳಿಕೆಯಲ್ಲವೆಂದು ಅರಿತವನ ಮನೆಯಲ್ಲಿ ಬಾಡಿಗೆದಾರನು ನಿಶ್ಚಿಂತೆಯಿಂದ ನಿದ್ರಿಸುತ್ತಾನೆ, ಮನೆಯೊಡೆಯನೂ ಕೂಡ.