ತಾಯಿಗೂ ಒಂದು ಕನ್ನಡಿ

ತಾಯಿಯಾದವಳು ತನಗಿಷ್ಟವಾದ ಬಣ್ಣದ ಬಟ್ಟೆ ಉಟ್ಟು ಕನ್ನಡಿಯ ಮುಂದೆ ನಿಂತರೆ ನಾವು ಏನೆನ್ನುತ್ತೇವೆ? "ಕೂಸು ಅಳಾಕತ್ತೈತಿ, ಈಕಿಗೆ ಸಿಂಗಾರ ಬೇಕಾಗೈತಿ!" ಅದೇ ಕೂಸಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರೆ ಯಾರೂ ತುಟಿಪಿಟಕ್ಕೆನ್ನುವುದಿಲ್ಲ.

ತುಂಗಭದ್ರೆಯ ದಂಡೆಯ ಮಾಗಳ ಇರುವುದು ಹೂವಿನ ಹಡಗಲಿ ತಾಲೂಕಿನಲ್ಲಿ. ಇಲ್ಲಿನ ಮಲ್ಲಿಗೆ ನಾಡಿಗೇ ಪರಿಚಿತ. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕಿದೆ. ಬಾಣಂತಿಯ ತಲೆಗೆ ಮಾತ್ರ ಕಿವಿ ಮುಚ್ಚುವ ಬಟ್ಟೆ. ಥಂಡಿ ತಾಗದಿರಲೆಂಬ ಆರೈಕೆ ಅದು, ನಮ್ಮ ತಕರಾರಿಲ್ಲ. 40 ದಿನ ಕಳೆದು ಆ ಬಟ್ಟೆ ಬಿಚ್ಚಿದ ಮೇಲೆ? ಹಳೆಯ ಕುಪ್ಪಸ ಮೈಗೆ ಹಿಡಿಯುವುದಿಲ್ಲ. ಹಾಲೂಡಿಸಲು ಅನುಕೂಲವಾದದ್ದೇ ಉಡುಪು. ಬದಲಾದ ಮೈಗೆ ಹೊಸದನ್ನು ಆರಿಸಬೇಕು. ಆರಿಸುವವರು ಯಾರೆಂಬುದೇ ಪ್ರಶ್ನೆ.

ಮದುವೆಯ ನಂತರ ಬುರ್ಖಾ ತೊಟ್ಟು ಮನೆಗೆಲಸಕ್ಕೇ ಮೀಸಲಾಗುವಂತೆ ತಮಗೆ ಹೇಳಲಾಯಿತು, 29ನೇ ವಯಸ್ಸಿನಲ್ಲಿ ತಾಯಿಯಾಗಿ ಖಿನ್ನತೆಗೆ ಒಳಗಾದೆ ಎಂದು 2025ರ ಅಂತಾರಾಷ್ಟ್ರೀಯ ಬೂಕರ್ ಪಡೆದ ಹಾಸನದ ಬಾನು ಮುಷ್ತಾಕ್ ಹೇಳಿಕೊಂಡಿದ್ದಾರೆ. ಬುರ್ಖಾವನ್ನು ಮನಸಾರೆ ತೊಡುವ ತಾಯಂದಿರು ಎಷ್ಟೋ ಮಂದಿ. ಆದರೆ ಅವಳನ್ನು ಕೇಳದೆ ನಿರ್ಧರಿಸಿದರೆ ಯಾವ ಉಡುಪೂ ಭಾರವೇ.

ಇದನ್ನೆಲ್ಲ ಸೊಗಸಿನ ಹುಚ್ಚು ಎನ್ನುವವರಿಗೆ ಒಂದು ಹದೀಸ್ ನೆನಪಿಸುತ್ತೇವೆ. ಸಲ್ಮಾನ್ ಫಾರ್ಸಿಯವರು ಗೆಳೆಯ ಅಬೂದರ್ದಾರ ಮನೆಗೆ ಹೋದಾಗ ಅವರ ಪತ್ನಿ ಅಂದಗೆಟ್ಟ ಉಡುಪಿನಲ್ಲಿದ್ದರು. ಇದೇಕೆ ಎಂದು ವಿಚಾರಿಸಿದರೆ, ತಮ್ಮ ಪತಿಗೆ ಈ ಲೋಕದ ಗೊಡವೆಯೇ ಇಲ್ಲ ಎಂದರು ಆಕೆ. ಸಲ್ಮಾನ್ ಆಕೆಗೆ ಬುದ್ಧಿ ಹೇಳಲು ಹೋಗಲಿಲ್ಲ. ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆಯೆಂದು ಗಂಡನಿಗೆ ತಿಳಿಹೇಳಿದರು. ಸಲ್ಮಾನ್ ಹೇಳಿದ್ದು ಸರಿ ಎಂದರು ಪ್ರವಾದಿಯವರು(ಸ).